ಬಾಡಿಗೆಯ ಪಾಠಶಾಲೆ, ಸ್ವಂತದ ಪಾಠಶಾಲೆ

ಊರು ಬಿಟ್ಟು ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಬಾಡಿಗೆ ಮನೆಯ ಅನುಭವ ಹೊಸದೇನಲ್ಲ. ಹನ್ನೊಂದು ತಿಂಗಳ ಕರಾರು, ಮುಂಗಡ ಹಣ, ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ, ಇವೆಲ್ಲವನ್ನೂ ನಾವು ಬಲ್ಲೆವು. ಸ್ವಂತ ಮನೆ ಮಾಡಿಕೊಂಡವರಿಗೆ ಅದರ ನೆಮ್ಮದಿಯ ಜೊತೆಗೆ ಮಳೆಗಾಲದಲ್ಲಿ ಸೋರುವ ಸೂರಿನ ಚಿಂತೆಯೂ ಗೊತ್ತು. ಆದರೆ ನಮ್ಮ ಮಕ್ಕಳ ಕನ್ನಡ ಪಾಠವೂ ಇಂಥದೇ ಪ್ರಶ್ನೆಗೆ ಸಿಕ್ಕಿಕೊಂಡೀತೆಂದು ನಾವು ಎಣಿಸಿರಲಿಲ್ಲ.

2020ರಲ್ಲಿ ಕೊರೋನಾ ಪಿಡುಗಿನಿಂದ ನಗರವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಭಾನುವಾರದ ಕನ್ನಡ ತರಗತಿಯೂ ನಿಂತುಹೋಯಿತು. ಉತ್ಸಾಹಿ ತರುಣರು ಕೆಲವರು ಒಂದು ಕಂಪನಿಯ ಆನ್‌ಲೈನ್ ಪಾಠದ ವ್ಯವಸ್ಥೆಯನ್ನು ಹುಡುಕಿ ತಂದರು. ಆಗ ಅದು ಉಚಿತ. ಎರಡು ವರ್ಷಗಳಲ್ಲಿ ಅದರೊಳಗೆ ಅಕ್ಷರಾಭ್ಯಾಸದ ಪಾಠಗಳು, ಅಜ್ಜಿಯಂದಿರು ಹೇಳಿದ ಕಥೆಗಳ ಧ್ವನಿಮುದ್ರಣ, ಮಕ್ಕಳು ಬರೆದೊಪ್ಪಿಸಿದ ಪುಟಗಳು ಎಲ್ಲವೂ ಸೇರಿದವು. ಬಳಿಕ ಶುಲ್ಕ ಕಟ್ಟಬೇಕೆಂಬ ಪತ್ರ ಬಂತು. ಆ ಮೊತ್ತ ನಮ್ಮ ಅಳವಿಗೆ ಮೀರಿದ್ದು. ಒಳಗಿದ್ದುದನ್ನು ಹೊರಗೆ ತರೋಣವೆಂದು ಹೊರಟರೆ ಬಿಡಿಬಿಡಿಯಾಗಿ ಕೆಲವಷ್ಟೇ ಕೈಗೆ ಬಂದವು. ಉಳಿದವು ಅಲ್ಲಿಯೇ ಉಳಿದವು. ಕಂಪನಿಯವರನ್ನು ದೂರುವಂತಿಲ್ಲ. ಕರಾರನ್ನು ಓದದೆ ಒಪ್ಪಿಕೊಂಡವರು ನಾವೇ.

ಈಗ ತರಗತಿಯನ್ನು ಮತ್ತೆ ಅಂತರಜಾಲಕ್ಕೆ ತರಬೇಕೆಂಬ ಬೇಡಿಕೆ ಸದಸ್ಯರಿಂದ ಬಂದಿದೆ. ಒಡೆತನದ ತಂತ್ರಾಂಶವೋ ಮುಕ್ತ ತಂತ್ರಾಂಶವೋ ಎಂಬ ಚರ್ಚೆಯೂ ನಡೆದಿದೆ. ನಮ್ಮ ಚಿಕ್ಕ ತರಗತಿಗೆ ಎದುರಾದ ಈ ಪ್ರಶ್ನೆ ನಮಗಿಂತ ಮೊದಲೇ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಗೆ ಎದುರಾಗಿತ್ತು. ನಿರ್ಧಾರಕ್ಕೆ ಮುನ್ನ ಆ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಮೊದಲಿಗೆ ಈ ಎರಡು ಬಗೆಗಳ ವ್ಯತ್ಯಾಸ. ಗಣಕಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಒಂದು ಮೂಲ ಬರಹವಿರುತ್ತದೆ. ಅದನ್ನು ಕಂಪನಿಯು ತನ್ನಲ್ಲೇ ಗುಟ್ಟಾಗಿಟ್ಟುಕೊಂಡು ಬಳಕೆಯ ಪರವಾನಗಿಯನ್ನಷ್ಟೇ ಕೊಟ್ಟರೆ ಅದು ಒಡೆತನದ ತಂತ್ರಾಂಶ. ಮೂಲ ಬರಹವನ್ನೇ ಎಲ್ಲರ ಮುಂದಿಟ್ಟು ಬಳಸಲು, ಓದಲು, ತಿದ್ದಲು, ಹಂಚಲು ಅನುಮತಿ ಕೊಟ್ಟರೆ ಅದು ಮುಕ್ತ ತಂತ್ರಾಂಶ. ಈ ಎರಡನೆಯ ಮಾರ್ಗಕ್ಕೆ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿ ನಾಂದಿ ಹಾಡಿದರು. ಒಮ್ಮೆ ಮುಕ್ತವಾಗಿ ಹಂಚಿದ ಮೂಲ ಬರಹವನ್ನು ತಿದ್ದಿ ಮತ್ತೆ ಹಂಚುವವರೂ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೆ ಕೊಡಬೇಕೆಂಬ ಗ್ನೂ ಸಾರ್ವಜನಿಕ ಪರವಾನಗಿ 1989ರಲ್ಲಿ ಹೊರಬಂತು.

1990ರ ದಶಕದ ನಡುವಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಮರ್ರೆ ಗೋಲ್ಡ್‌ಬರ್ಗ್ ಅಂತರಜಾಲದಲ್ಲಿ ಪಾಠ ಹೇಳಲು ವೆಬ್‌ಸಿಟಿ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದರು. 1997ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಬ್ಲ್ಯಾಕ್‌ಬೋರ್ಡ್ ಎಂಬ ಕಂಪನಿ ಹುಟ್ಟಿತು. ಎರಡೂ ಒಡೆತನದ ತಂತ್ರಾಂಶಗಳಾಗಿ ಬೆಳೆದು, ನೂರಾರು ಕಾಲೇಜುಗಳು ಪರವಾನಗಿ ಶುಲ್ಕ ತೆತ್ತು ಇವುಗಳಲ್ಲೇ ತಮ್ಮ ಪಾಠಗಳನ್ನು ಇರಿಸಿದವು. ಅವುಗಳಿಂದ ಅನುಕೂಲವಾಯಿತೆಂಬುದು ನಿಜ. ತಂತ್ರಜ್ಞರಿಲ್ಲದ ಕಾಲೇಜೂ ಹಣ ಕೊಟ್ಟು ಮರುದಿನವೇ ತರಗತಿ ತೆರೆಯಬಹುದಾಗಿತ್ತು.

ಅದೇ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿಯ ಉಸ್ತುವಾರಿ ನೋಡುತ್ತಿದ್ದವರು ಮಾರ್ಟಿನ್ ಡೌಗಿಯಾಮಾಸ್. ಇವರ ಬಾಲ್ಯ ಕಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ. ಶಾಲೆಯಿಂದ ಬಹುದೂರವಿದ್ದ ಅಲ್ಲಿನ ಮಕ್ಕಳಿಗೆ ರೇಡಿಯೋ ಮೂಲಕ ಪಾಠ ಹೇಳುವ ‘ಸ್ಕೂಲ್ ಆಫ್ ದಿ ಏರ್’ ಎಂಬ ಏರ್ಪಾಡೇ ಅವರ ಪಾಠಶಾಲೆ. ದೂರದಲ್ಲಿರುವವನಿಗೆ ಪಾಠ ಸಿಗುವುದೆಂದರೇನೆಂದು ಅನುಭವದಿಂದ ಬಲ್ಲ ಅವರು, ಕೊಂಡು ತಂದ ತಂತ್ರಾಂಶದ ಇತಿಮಿತಿಗಳಿಂದ ಬೇಸತ್ತು ತಾವೇ ಒಂದನ್ನು ಕಟ್ಟಹೊರಟರು. 2002ರ ಆಗಸ್ಟಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದೇ ಮೂಡಲ್. ಗ್ನೂ ಪರವಾನಗಿಯಡಿ ಬಂದ ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾಗಿತ್ತು, ತಮ್ಮ ಭಾಷೆಗೆ ತಂದುಕೊಳ್ಳಬಹುದಾಗಿತ್ತು.

2005ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ತನ್ನ ಅಂತರಜಾಲದ ಶಿಕ್ಷಣಕ್ಕೆ ಮೂಡಲನ್ನು ಆರಿಸಿಕೊಂಡಿತು. ದೂರಶಿಕ್ಷಣಕ್ಕೆಂದೇ 1969ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ನಿರ್ಧಾರವನ್ನು ಇತರರೂ ಗಮನಿಸಿದರು. ಆದರೆ ಉಚಿತವೆಂದು ಕೈಕಟ್ಟಿ ಕೂರಲಿಲ್ಲ ಅವರು. ತಂತ್ರಜ್ಞರನ್ನು ನೇಮಿಸಿ, ಹಣ ವೆಚ್ಚ ಮಾಡಿ ಅದನ್ನು ತಮ್ಮ ಅಗತ್ಯಕ್ಕೆ ಒಗ್ಗಿಸಿಕೊಂಡರು. ಪರವಾನಗಿ ಶುಲ್ಕವಿಲ್ಲವೆಂದರೆ ಖರ್ಚೇ ಇಲ್ಲವೆಂದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇತ್ತ ಬ್ಲ್ಯಾಕ್‌ಬೋರ್ಡ್ ತನ್ನ ಪ್ರತಿಸ್ಪರ್ಧಿಯಾದ ವೆಬ್‌ಸಿಟಿಯನ್ನೇ ಕೊಂಡುಕೊಂಡಿತು. 2006ರ ಆರಂಭದಲ್ಲಿ ಆ ವ್ಯವಹಾರ ಮುಗಿಯಿತು. ವೆಬ್‌ಸಿಟಿಯನ್ನು ನಂಬಿದ್ದ ಕಾಲೇಜುಗಳಿಗೆ ರಾತ್ರಿ ಬೆಳಗಾಗುವುದರೊಳಗೆ ಮನೆಯ ಮಾಲೀಕರು ಬದಲಾದಂತಾಯಿತು. ಅದೇ ವರ್ಷದ ಜನವರಿಯಲ್ಲಿ ಬ್ಲ್ಯಾಕ್‌ಬೋರ್ಡಿಗೆ ಆನ್‌ಲೈನ್ ಪಾಠದ ವ್ಯವಸ್ಥೆಯ ಬಗ್ಗೆ ಅಮೆರಿಕದ ಪೇಟೆಂಟು ದೊರೆಯಿತು. ಜುಲೈನಲ್ಲಿ ಅದು ಕೆನಡಾದ ಡಿಸೈರ್‌ಟುಲರ್ನ್ ಕಂಪನಿಯ ಮೇಲೆ ಟೆಕ್ಸಾಸ್‌ನಲ್ಲಿ ದಾವೆ ಹೂಡಿತು. ಒಬ್ಬನೇ ವ್ಯಕ್ತಿ ಒಂದು ತರಗತಿಗೆ ಗುರು, ಇನ್ನೊಂದಕ್ಕೆ ಶಿಷ್ಯ ಎಂಬಂತೆ ಬೇರೆ ಬೇರೆ ಪಾತ್ರ ವಹಿಸುವ ಏರ್ಪಾಡು ಕೂಡ ಆ ಪೇಟೆಂಟಿನ ಹಕ್ಕುಗಳಲ್ಲಿ ಸೇರಿತ್ತು.

ಆಗ ನಡೆದ ಸಂಗತಿ ನಮ್ಮಂಥ ಇತಿಹಾಸಪ್ರಿಯರಿಗೆ ಹಿಡಿಸುವಂಥದು. ಇಂಥ ವ್ಯವಸ್ಥೆಗಳು ಮೊದಲೇ ಇದ್ದವೆಂದು ತೋರಿಸಲು ಜಗತ್ತಿನ ನಾನಾ ಕಡೆಯ ಅಧ್ಯಾಪಕರೂ ತಂತ್ರಜ್ಞರೂ ಹಳೆಯ ದಾಖಲೆಗಳನ್ನು ಹೆಕ್ಕಿ ಒಂದೆಡೆ ಸೇರಿಸಿದರು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪ್ಲೇಟೋ ಎಂಬ ಗಣಕಶಿಕ್ಷಣದ ಪ್ರಯೋಗವೂ ಆ ಪಟ್ಟಿಗೆ ಸೇರಿತು. 2007ರ ಫೆಬ್ರವರಿಯಲ್ಲಿ ಬ್ಲ್ಯಾಕ್‌ಬೋರ್ಡ್ ತನ್ನ ಪೇಟೆಂಟನ್ನು ಮುಕ್ತ ತಂತ್ರಾಂಶಗಳ ವಿರುದ್ಧ ಬಳಸುವುದಿಲ್ಲವೆಂದು ಮಾತು ಕೊಟ್ಟಿತು. 2008ರಲ್ಲಿ ಜ್ಯೂರಿಯು ಅದರ ಪರವಾಗಿ ಸುಮಾರು 31 ಲಕ್ಷ ಡಾಲರ್ ಪರಿಹಾರ ವಿಧಿಸಿದರೂ, 2009ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ವಿವಾದದ ಹಕ್ಕುಗಳು ಊರ್ಜಿತವಲ್ಲವೆಂದಿತು. ಆ ವರ್ಷದ ಕೊನೆಗೆ ಎರಡೂ ಕಂಪನಿಗಳು ರಾಜಿ ಮಾಡಿಕೊಂಡವು. ಮುಂದೆ 2012ರಲ್ಲಿ ಅದೇ ಬ್ಲ್ಯಾಕ್‌ಬೋರ್ಡ್ ಮೂಡಲ್ ಸೇವೆ ಒದಗಿಸುತ್ತಿದ್ದ ಎರಡು ಕಂಪನಿಗಳನ್ನು ಕೊಂಡಿತು. ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುವ ಕಂಪನಿಯೂ ಕೈಬದಲಾಗಬಹುದು. ಆದರೆ ಮೂಲ ಬರಹ ಎಲ್ಲರದಾದ್ದರಿಂದ ಬೇಡವೆನಿಸಿದವರು ಬೇರೊಬ್ಬರ ಬಳಿಗೆ ಹೋಗಬಹುದು. ವ್ಯತ್ಯಾಸವಿರುವುದು ಇಲ್ಲಿಯೇ.

ಕನ್ನಡಿಗರಾದ ನಮಗೆ ಇನ್ನೊಂದು ಪಾಠವೂ ಇದೆ. ಯೂನಿಕೋಡ್ 1991ರಲ್ಲಿ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ, ಅದು ಬಳಕೆಗೆ ಬರುವವರೆಗೆ ಒಂದೊಂದು ತಂತ್ರಾಂಶದ ಅಕ್ಷರ ಒಂದೊಂದು ಬಗೆ. ಒಂದರಲ್ಲಿ ಟೈಪಿಸಿದ ಲೇಖನ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚಾಗಿ ಕಾಣುತ್ತಿದ್ದುದನ್ನು ಪತ್ರಿಕೆಗಳ ಕೆಲಸ ಮಾಡಿದವರೆಲ್ಲ ಕಂಡಿದ್ದಾರೆ. ಬರೆದದ್ದು ನಮ್ಮದೇ ಆದರೂ ಅದನ್ನು ಓದುವ ಕೀಲಿಕೈ ನಮ್ಮಲ್ಲಿ ಇರಲಿಲ್ಲ.

ಹಾಗಾದರೆ ನಾವು ಯಾವುದನ್ನು ಆರಿಸಬೇಕು? ತಿಂಗಳೆರಡು ತಿಂಗಳ ಶಿಬಿರಕ್ಕಾದರೆ ಬಾಡಿಗೆಯ ವ್ಯವಸ್ಥೆಯೇ ಸಾಕು, ಅದರಲ್ಲಿ ತಪ್ಪೇನಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಬೆಳೆಯಬೇಕಾದ ಕನ್ನಡ ತರಗತಿಗೆ ಮುಕ್ತ ತಂತ್ರಾಂಶವೇ ಮೇಲೆಂದು ನಮ್ಮ ಅಭಿಪ್ರಾಯ. ಅದಕ್ಕೆ ಸರ್ವರ್ ಬಾಡಿಗೆ ಕಟ್ಟಬೇಕು, ವಾರವಾರವೂ ಪ್ರತಿ ತೆಗೆದಿಡಬೇಕು, ಹೊಸ ಆವೃತ್ತಿ ಬಂದಾಗ ಹಾಕಬೇಕು. ಈ ಕೆಲಸಕ್ಕೆ ಒಬ್ಬರಲ್ಲ, ಇಬ್ಬರಾದರೂ ಬೇಕು. ಒಬ್ಬರಿಗೆ ಬೇರೆ ಊರಿಗೆ ವರ್ಗವಾದರೆ ಇನ್ನೊಬ್ಬರಿರಬೇಕು. ಕಲಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಪೊವಾಯಿಯ ಐಐಟಿಯಲ್ಲಿ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ಮುಂದಾಳುತನದಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳನ್ನು ಕಲಿಸುವ ಪಾಠಗಳನ್ನು ತಯಾರಿಸಿದೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ.

ಯಾವುದನ್ನೇ ಆರಿಸಿದರೂ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಒಂದಿದೆ: ನಾಳೆ ಇಲ್ಲಿಂದ ಹೊರಡಬೇಕಾದರೆ ನಮ್ಮ ಸಾಮಾನೆಲ್ಲ ನಮ್ಮ ಜೊತೆ ಬರುತ್ತದೆಯೇ? ಮನೆ ಬದಲಾಯಿಸುವಾಗ ದೇವರ ಪಟವನ್ನೂ ಹಿರಿಯರ ಭಾವಚಿತ್ರವನ್ನೂ ನಾವು ಯಾರೂ ಮರೆತು ಬಂದವರಲ್ಲ. ಆ ಎರಡು ವರ್ಷಗಳಲ್ಲಿ ಕಥೆ ಹೇಳಿದ ಅಜ್ಜಿಯಂದಿರಲ್ಲಿ ಇಬ್ಬರು ಈಗ ನಮ್ಮೊಂದಿಗಿಲ್ಲ. ಅವರ ದನಿ ಹಳೆಯ ಬಾಡಿಗೆ ಮನೆಯಲ್ಲೇ ಉಳಿದುಹೋಯಿತು. ಇನ್ನು ಮುಂದೆ ಹಾಗಾಗದಿರಲಿ. ಬರುವ ಸಭೆಯಲ್ಲಿ ಸದಸ್ಯರು ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕೆಂದು, ಜೊತೆಗೆ ಕೆಲಸಕ್ಕೆ ಹೆಗಲು ಕೊಡುವ ಇಬ್ಬರು ತರುಣ ತರುಣಿಯರು ಮುಂದೆ ಬರಬೇಕೆಂದು ಕೋರುತ್ತೇವೆ.