ಪ್ರಾಚೀನ ಗ್ರೀಕರ ನಾಡು, ಆಳ್ವಿಕೆ ಮತ್ತು ರುದ್ರನಾಟಕ: ‘ಪಾರಸಿಕರು’ ಓದಿಗೊಂದು ಹಿನ್ನೆಲೆ

ಬಿ.ಎಂ. ಶ್ರೀಕಂಠಯ್ಯನವರು ಎರಡು ಗ್ರೀಕ್ ರುದ್ರನಾಟಕಗಳನ್ನು ಕನ್ನಡಕ್ಕೆ ತಂದರು. ಸೊಫೋಕ್ಲೀಸನ ‘ಏಜಾಕ್ಸ್’ 1929ರಲ್ಲಿ ‘ಅಶ್ವತ್ಥಾಮನ್’ ಆಯಿತು. ಈಸ್ಕಿಲಸನ ‘ಪರ್ಷಿಯನ್ನರು’ 1935ರಲ್ಲಿ ‘ಪಾರಸಿಕರು’ ಆಯಿತು. ಮೊದಲನೆಯದರಲ್ಲಿ ಗ್ರೀಕ್ ವೀರನ ಸ್ಥಾನದಲ್ಲಿ ಮಹಾಭಾರತದ ವೀರನಿದ್ದಾನೆ. ಎರಡನೆಯದರಲ್ಲಿ ಗ್ರೀಕರು ಗ್ರೀಕರಾಗಿಯೇ, ಪಾರಸಿಕರು ಪಾರಸಿಕರಾಗಿಯೇ ಉಳಿದಿದ್ದಾರೆ. ಒಂದು ಕೃತಿ ರೂಪಾಂತರಕ್ಕೆ ಒಗ್ಗಿತು, ಇನ್ನೊಂದು ಅನುವಾದವಾಗಿ ಮಾತ್ರ ಬಂದಿತು. ಈ ವ್ಯತ್ಯಾಸದ ಕಾರಣವನ್ನು ಪ್ರಾಚೀನ ಗ್ರೀಕರ ನೆಲದಲ್ಲಿಯೂ ಆಳ್ವಿಕೆಯಲ್ಲಿಯೂ ಹುಡುಕಬೇಕಾಗುತ್ತದೆ.

‘ಪಾರಸಿಕರು’ ನಡೆಯುವುದು ಪರ್ಷಿಯದ ರಾಜಧಾನಿ ಸೂಸದಲ್ಲಿ. ದೊರೆ ಕ್ಸರ್ಕ್ಸೀಸ್ ಗ್ರೀಸಿನ ಮೇಲೆ ದಂಡೆತ್ತಿ ಹೋಗಿದ್ದಾನೆ. ದುಃಸ್ವಪ್ನದಿಂದ ಕಳವಳಗೊಂಡ ರಾಜಮಾತೆ ಅಟೋಸಾ ವೃದ್ಧ ಸಚಿವರ ಮೇಳವನ್ನು ಕೆಲವು ಪ್ರಶ್ನೆ ಕೇಳುತ್ತಾಳೆ. ಆ ಏಥೆನ್ಸ್ ಎಲ್ಲಿದೆ? ಅದರ ಸಂಪತ್ತೇನು? ಅದರ ಆಯುಧ ಯಾವುದು? ಅವರ ಒಡೆಯನಾರು? ಅರಮನೆಯೊಂದರ ಸಹಜ ಕುತೂಹಲದಂತೆ ತೋರುವ ಈ ಪ್ರಶ್ನೆಗಳು ಗ್ರೀಕ್ ನಾಗರಿಕತೆಯ ಮೂಲಾಂಶಗಳನ್ನೇ ಮುಟ್ಟುತ್ತವೆ.

ಮೊದಲ ಪ್ರಶ್ನೆ ನೆಲದ್ದು. ಗ್ರೀಸ್ ಬೆಟ್ಟಗಳಿಂದ ಸೀಳಿಹೋದ ನಾಡು. ಗಂಗೆಯ ಅಥವಾ ನೈಲ್ ನದಿಯ ಬಯಲಿನಂಥ ವಿಸ್ತಾರ ಅಲ್ಲಿಲ್ಲ. ಕಣಿವೆಗೊಂದು, ದ್ವೀಪಕ್ಕೊಂದು ಎಂಬಂತೆ ನೂರಾರು ನಗರರಾಜ್ಯಗಳು ಬೆಳೆದವು. ಭಾಷೆ, ದೇವತೆಗಳು, ಹೋಮರನ ಕಾವ್ಯ, ಒಲಿಂಪಿಯದ ಉತ್ಸವ ಇವೆಲ್ಲ ಸಮಾನವಾಗಿದ್ದರೂ ರಾಜಕೀಯವಾಗಿ ಅವು ಬೇರೆಬೇರೆಯಾಗಿಯೇ ಉಳಿದವು. ಏಥೆನ್ಸ್ ಇದ್ದ ಅಟಿಕಾ ಪ್ರಾಂತದ ತೆಳುಮಣ್ಣು ಆಲಿವ್ ಮತ್ತು ದ್ರಾಕ್ಷಿಗೆ ಒಗ್ಗುತ್ತಿತ್ತು, ಧಾನ್ಯ ಸಾಲುತ್ತಿರಲಿಲ್ಲ. ನೆಲ ಕೊಡದುದನ್ನು ಕಡಲಿನಿಂದ ಪಡೆಯುವುದು ಅನಿವಾರ್ಯವಾಯಿತು.

ಎರಡನೆಯದು ಸಂಪತ್ತಿನ ಪ್ರಶ್ನೆ. ಭೂಮಿಯೊಳಗಿನ ಬೆಳ್ಳಿಯ ಊಟೆಯೇ ಅವರ ಭಂಡಾರವೆಂದು ಮೇಳ ತಿಳಿಸುತ್ತದೆ. ಇದು ಬರಿಯ ಕವಿಕಲ್ಪನೆಯಲ್ಲ. ಅಟಿಕಾದ ಲಾರಿಯಂ ಗಣಿಗಳಲ್ಲಿ ಹೇರಳವಾಗಿ ಬೆಳ್ಳಿ ದೊರೆತಾಗ ಅದನ್ನು ಪೌರರಿಗೆ ಹಂಚುವ ಸಲಹೆ ಬಂದಿತ್ತು. ಕ್ರಿ.ಪೂ. 483ರ ಸುಮಾರಿಗೆ ಥೆಮಿಸ್ಟೋಕ್ಲೀಸ್ ಸಭೆಯ ಮನವೊಲಿಸಿ ಆ ಹಣದಿಂದ ಯುದ್ಧನೌಕೆಗಳನ್ನು ಕಟ್ಟಿಸಿದನು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಏಥೆನ್ಸನ್ನು ಸುಟ್ಟರೂ ಸಲಾಮಿಸ್ ದ್ವೀಪದ ಇಕ್ಕಟ್ಟಾದ ಜಲಸಂಧಿಯಲ್ಲಿ ಅವರ ಮಹಾನೌಕಾಪಡೆ ತಿರುಗಲಾರದೆ ಸೋತಿತು. ಆ ನೌಕೆಗಳಲ್ಲಿ ಹುಟ್ಟು ಹಾಕಿದವರಲ್ಲಿ ಬಹುಮಂದಿ ಆಸ್ತಿಯಿಲ್ಲದ ಬಡ ಪೌರರು. ನಗರವನ್ನು ಉಳಿಸಿದ ತೋಳಿಗೆ ನಗರದ ಆಳ್ವಿಕೆಯಲ್ಲಿ ಮಾತು ಬಲಿಯಿತು.

ಕೊನೆಯ ಪ್ರಶ್ನೆ ಒಡೆಯನದು. ಅವರು ಯಾರ ಆಳುಗಳೂ ಅಲ್ಲ ಎಂಬರ್ಥದ ಉತ್ತರ ರಾಜಮಾತೆಗೆ ಅರ್ಥವಾಗುವುದಿಲ್ಲ; ಒಡೆಯನಿಲ್ಲದ ಸೇನೆ ಹೇಗೆ ನಿಂತೀತು ಎಂಬುದು ಅವಳ ಬೆರಗು. ಕ್ರಿ.ಪೂ. 508ರಲ್ಲಿ ಕ್ಲೈಸ್ತನೀಸ್ ಹಳೆಯ ಕುಲಬಂಧಗಳನ್ನು ಸಡಿಲಿಸಿ ಪೌರರನ್ನು ಹತ್ತು ಗಣಗಳಾಗಿ ವಿಂಗಡಿಸಿದ್ದನು. ಗಣಕ್ಕೆ ಐವತ್ತರಂತೆ ಐನೂರು ಮಂದಿಯ ಮಂಡಳಿ ಕಾರ್ಯಕಲಾಪವನ್ನು ಅಣಿಗೊಳಿಸುತ್ತಿತ್ತು. ಪೌರರ ಮಹಾಸಭೆ ನಿರ್ಣಯಿಸುತ್ತಿತ್ತು. ಆದರೆ ಸ್ತ್ರೀಯರು, ದಾಸರು, ಅನ್ಯ ಊರುಗಳಿಂದ ಬಂದು ನೆಲೆಸಿದವರು ಆ ಸಭೆಯ ಹೊರಗಿದ್ದರು. ಲಾರಿಯಂನ ಬೆಳ್ಳಿಯನ್ನು ಅಗೆದವರು ದಾಸರೇ. ಯಾರ ಆಳೂ ಅಲ್ಲದವರ ಸ್ವಾತಂತ್ರ್ಯ ಆಳುಗಳ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನು ಚರಿತ್ರೆ ಮರೆಯಲಾಗದು.

ರಂಗಭೂಮಿಯೂ ಈ ಆಳ್ವಿಕೆಯ ಒಂದು ಅಂಗವಾಗಿತ್ತು. ವಸಂತದ ಡಯೋನೈಸಸ್ ಉತ್ಸವದಲ್ಲಿ ಮೂವರು ಕವಿಗಳು ರುದ್ರನಾಟಕಗಳೊಡನೆ ಸ್ಪರ್ಧಿಸುತ್ತಿದ್ದರು. ಮೇಳದ ಶಿಕ್ಷಣಕ್ಕೂ ವೇಷಭೂಷಣಕ್ಕೂ ಸಿರಿವಂತ ಪೌರನೊಬ್ಬ ಕರ್ತವ್ಯವಾಗಿ ವೆಚ್ಚ ಮಾಡಬೇಕಿತ್ತು. ಕ್ರಿ.ಪೂ. 472ರಲ್ಲಿ ಈ ನಾಟಕದ ಮೇಳದ ವೆಚ್ಚವನ್ನು ಹೊತ್ತವನು ತರುಣ ಪೆರಿಕ್ಲೀಸ್. ಈಸ್ಕಿಲಸ್ ಸ್ವತಃ ಮ್ಯಾರಥಾನ್ ರಣದಲ್ಲಿ ಕಾದಿದ್ದವನು. ಗೆದ್ದು ಎಂಟು ವರ್ಷವಷ್ಟೇ ಆಗಿದ್ದ, ತಮ್ಮ ಸುಟ್ಟ ನಗರವನ್ನು ಕಣ್ಣಾರೆ ಕಂಡಿದ್ದ ಪ್ರೇಕ್ಷಕರ ಮುಂದೆ ಅವನು ಸೋತ ಶತ್ರುವಿನ ಅಳಲನ್ನು ಇಟ್ಟನು. ಗ್ರೀಕ್ ವೀರನೊಬ್ಬನ ಹೆಸರೂ ನಾಟಕದಲ್ಲಿ ಬರುವುದಿಲ್ಲ.

ಇಲ್ಲಿ ಕನ್ನಡದ ಓದುಗನಿಗೆ ರನ್ನನ ನೆನಪಾಗುವುದು ಸಹಜ. ‘ಸಾಹಸಭೀಮವಿಜಯ’ದ ನಾಯಕ ಭೀಮ, ಭೀಮನಲ್ಲಿ ಕವಿ ಕಂಡದ್ದು ತನ್ನ ಒಡೆಯ ಇರಿವಬೆಡಂಗ ಸತ್ಯಾಶ್ರಯನನ್ನು. ಆದರೂ ಬಂಧುಗಳ ಹೆಣಗಳ ನಡುವೆ ನಡೆಯುವ ದುರ್ಯೋಧನನ ಶೋಕವೇ ಕಾವ್ಯದ ಹೃದಯವಾಯಿತು. ಹತನಾದ ಅಭಿಮನ್ಯುವಿನ ಪರಾಕ್ರಮವನ್ನು ಆ ಶತ್ರುವೇ ಮೆಚ್ಚುತ್ತಾನೆ. ಅಲ್ಲಿ ಡೇರಿಯಸನ ಪ್ರೇತ ಮಗನ ಅತಿಕ್ರಮವನ್ನು ಖಂಡಿಸಿದರೆ, ಇಲ್ಲಿ ಶರಶಯ್ಯೆಯ ಭೀಷ್ಮ ಸಂಧಿಯ ಹಿತವಚನ ನುಡಿಯುತ್ತಾನೆ. ಬಿ.ಎಂ.ಶ್ರೀ ಅವರು 1926ರಲ್ಲಿಯೇ ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿ, ಅದರೊಳಗಿದ್ದ ರುದ್ರನಾಟಕವನ್ನು ತೋರಿಸಿಕೊಟ್ಟಿದ್ದರು.

ಆದರೆ ಕರುಣೆ ಒಂದೇ ಆದರೂ ಆಶ್ರಯ ಒಂದೇ ಅಲ್ಲ. ರನ್ನನ ಹಿಂದೆ ಇದ್ದುದು ಚಾಳುಕ್ಯರ ಆಸ್ಥಾನ ಮತ್ತು ಜೈನ ಶ್ರಾವಕರ ದಾನಧರ್ಮ. 993ರ ‘ಅಜಿತಪುರಾಣ’ವನ್ನು ಬರೆಯಿಸಿದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು. ಏಥೆನ್ಸಿನ ಸಭೆಯಲ್ಲಿಯೂ ಸ್ಪರ್ಧೆಯ ತೀರ್ಪಿನಲ್ಲಿಯೂ ಸ್ಥಾನವಿಲ್ಲದ ಹೆಣ್ಣು ಕನ್ನಡದ ಸಾಹಿತ್ಯಪೋಷಣೆಯಲ್ಲಿ ಕೇಂದ್ರದಲ್ಲಿದ್ದಳು. ರಾಜನಿಲ್ಲದ ಆಳ್ವಿಕೆಯ ನೆನಪು ಮಾತ್ರ ಆ ಆಸ್ಥಾನಕಾವ್ಯದಲ್ಲಿ ಇರಲು ಸಾಧ್ಯವಿರಲಿಲ್ಲ.

ಎರಡು ನಾಟಕಗಳ ಬೇರೆಬೇರೆ ದಾರಿ ಇದರಿಂದ ಸ್ಪಷ್ಟವಾಗುತ್ತದೆ. ಏಜಾಕ್ಸನ ಮಾನಭಂಗ, ಕುರುಡುರೋಷ, ಆತ್ಮಹತ್ಯೆ ಇವಕ್ಕೆ ಮಹಾಭಾರತದಲ್ಲಿ ನೆಲೆ ದೊರೆಯಿತು. ಅದಕ್ಕಾಗಿ ಚಿರಂಜೀವಿ ಅಶ್ವತ್ಥಾಮನನ್ನು ಸಾಯಿಸಬೇಕಾಗಿ ಬಂದು, ಆ ಸ್ವಾತಂತ್ರ್ಯ ಟೀಕೆಗೂ ಗುರಿಯಾಯಿತು. ‘ಪಾರಸಿಕರು’ ಹಾಗೆ ವೇಷ ಬದಲಿಸಲಾರದು. ಕ್ಸರ್ಕ್ಸೀಸನಿಗೆ ದುರ್ಯೋಧನ, ಡೇರಿಯಸನಿಗೆ ಭೀಷ್ಮ ಸಿಕ್ಕಾರು. ಆದರೆ ಪಾಂಡವರ ಒಡೆಯನಾರೆಂದು ಗಾಂಧಾರಿ ಕೇಳಿದರೆ ಧರ್ಮರಾಯನೆಂಬ ಉತ್ತರ ಸಿದ್ಧವಾಗಿದೆ. ಅಟೋಸಾಳ ಪ್ರಶ್ನೆಗೆ ಒಬ್ಬ ದೊರೆಯ ಹೆಸರು ಉತ್ತರವಲ್ಲ. ಆ ಉತ್ತರವನ್ನು ಅದರದೇ ಊರು, ಕಡಲು, ಜನಗಳೊಡನೆ ತರಬೇಕಾಗಿತ್ತು. 1935ರಲ್ಲಿ, ಮಹಾರಾಜರ ಆಳ್ವಿಕೆಯ ಮೈಸೂರು ಸಂಸ್ಥಾನದಲ್ಲಿ, ಕನ್ನಡದ ಓದುಗರು ಅದನ್ನು ತಮ್ಮ ನುಡಿಯಲ್ಲಿ ಓದಿದರು.