ಹುಟ್ಟುಗುಣದ ಚರಿತ್ರೆ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಮಾತುಮಾತಿಗೆ ಕೆರಳುವ ಅಣ್ಣ, ಯಾರನ್ನೂ ನಂಬದ ಸೋದರಮಾವ, ಇಂದು ತಲೆಯ ಮೇಲೆ ಹೊತ್ತು ಕುಣಿದವರನ್ನೇ ನಾಳೆ ಶಪಿಸುವ ಅತ್ತಿಗೆ, ಇಂಥವರ ವಿಷಯ ಬಂದಾಗ ಮನೆಯ ಹಿರಿಯರು ಈ ಒಂದು ಮಾತಿನಿಂದ ವಿಚಾರಣೆಯನ್ನೇ ಮುಗಿಸಿಬಿಡುತ್ತಾರೆ. ಗಾದೆ ಅನುಭವದಿಂದ ಹುಟ್ಟಿದ್ದು. ಅದನ್ನು ಅಲ್ಲಗಳೆಯುವ ಅವಸರ ನನಗಿಲ್ಲ. ನನ್ನ ಕುತೂಹಲ ಬೇರೆ. ಸುಮಾರು ಎರಡು ಶತಮಾನಗಳ ಕಾಲ ಯೂರೋಪು, ಅಮೆರಿಕಗಳ ಮನೋವೈದ್ಯರು ಈ ಗಾದೆಯನ್ನೇ ಫ್ರೆಂಚ್, ಜರ್ಮನ್, ಇಂಗ್ಲಿಷ್ ಭಾಷೆಗಳಲ್ಲಿ ದೊಡ್ಡ ದೊಡ್ಡ ಹೆಸರುಗಳಿಟ್ಟು ಹೇಳುತ್ತ ಬಂದರು. ಅದು ನಿಜವೇ ಎಂದು ಕಾದು ನೋಡಿ ಪರೀಕ್ಷಿಸುವ ತಾಳ್ಮೆ ಅವರಿಗೆ ಬಂದದ್ದು ಮಾತ್ರ ತೀರ ಈಚೆಗೆ.

ಕನ್ನಡದ ವೈದ್ಯಲೇಖಕರು ಈ ಬಗೆಯ ತೊಂದರೆಗಳನ್ನು ‘ವ್ಯಕ್ತಿತ್ವ ದೋಷ’ ಎಂದು ಕರೆಯುತ್ತಾರೆ. ಆಯುರ್ವೇದದ ಕಿವಿಯಿಂದ ಕೇಳಿದರೆ ದೋಷವೆನ್ನುವುದು ನಿಂದೆಯ ಮಾತಲ್ಲ. ವಾತ, ಪಿತ್ತ, ಕಫಗಳೂ ದೋಷಗಳೇ. ಆದರೆ ಬಳಕೆಯ ಕನ್ನಡದಲ್ಲಿ ದೋಷವೆಂದರೆ ತಪ್ಪು, ಕುಂದು. ಒಂದೇ ಪದದಲ್ಲಿ ರೋಗವೂ ಅಪರಾಧವೂ ಒತ್ತಟ್ಟಿಗೆ ಕುಳಿತಿವೆ. ಈ ಗೊಂದಲ ನಮ್ಮ ಭಾಷೆಯೊಂದಕ್ಕೇ ಸೇರಿದ್ದಲ್ಲ. ಇದು ಈ ವಿಷಯದ ಚರಿತ್ರೆಯ ಮೊದಲ ಪುಟದಲ್ಲಿಯೇ ಇದೆ.

ಆ ಮೊದಲ ಪುಟವನ್ನು ಬರೆದವನು ಪ್ಯಾರಿಸ್ಸಿನ ವೈದ್ಯ ಫಿಲಿಪ್ ಪಿನೆಲ್. ಹುಚ್ಚರ ಸಂಕೋಲೆಗಳನ್ನು ಬಿಚ್ಚಿದ ಮಹಾನುಭಾವನೆಂದು ಇವನ ಚಿತ್ರ ಶಾಲಾ ಪುಸ್ತಕಗಳಲ್ಲಿ ಕೂಡ ಬಂದದ್ದುಂಟು. ಬಿಸೆತ್ರ್ ಆಸ್ಪತ್ರೆಯಲ್ಲಿ ನಿಜವಾಗಿ ಆ ಕೆಲಸ ಮಾಡಿದವನು ಅಲ್ಲಿಯ ಮೇಲ್ವಿಚಾರಕ ಪ್ಯುಸ್ಸೆಂ. ಅದು ನಡೆದದ್ದು 1797ರಲ್ಲಿ, ಪಿನೆಲ್ ಆ ಆಸ್ಪತ್ರೆಯನ್ನು ಬಿಟ್ಟುಹೋದ ಮೇಲೆ. ಪಿನೆಲ್‌ನ ಹಿರಿಮೆಗೆ ಇದರಿಂದ ಊನವೇನೂ ಇಲ್ಲ. ಅವನ 1801ರ ಗ್ರಂಥದಲ್ಲಿ ಒಬ್ಬ ಯುವಕನ ವೃತ್ತಾಂತ ಬರುತ್ತದೆ. ಅವನು ಸಿರಿವಂತರ ಮನೆಯ ಒಬ್ಬನೇ ಮಗ. ಅವನು ಕೇಳಿದ್ದಕ್ಕೆ ಇಲ್ಲವೆನ್ನಲಾರದ ತಾಯಿ. ನಾಯಿಯಾಗಲಿ ಕುದುರೆಯಾಗಲಿ ತನ್ನನ್ನು ಕೆಣಕಿದರೆ ಆ ಕ್ಷಣವೇ ಕೊಂದುಹಾಕುತ್ತಿದ್ದ. ಆದರೆ ದೊಡ್ಡವನಾಗಿ ಆಸ್ತಿಯನ್ನು ನೋಡಿಕೊಳ್ಳುವಾಗ ಅವನ ಲೆಕ್ಕಾಚಾರದಲ್ಲಿ ಒಂದು ತಪ್ಪಿಲ್ಲ. ಬಡವರಿಗೆ ಕೈಯೆತ್ತಿ ಕೊಡುವುದೂ ಇತ್ತು. ಕೊನೆಗೊಂದು ದಿನ ತನ್ನನ್ನು ಬೈದ ಹೆಂಗಸೊಬ್ಬಳನ್ನು ಬಾವಿಗೆ ನೂಕಿದ. ನ್ಯಾಯಾಲಯ ಅವನನ್ನು ಬಿಸೆತ್ರ್‌ಗೆ ಕಳುಹಿಸಿತು.

ಪಿನೆಲ್‌ನನ್ನು ಕಾಡಿದ ಪ್ರಶ್ನೆ ಇದು: ಈ ಮನುಷ್ಯನಿಗೆ ಭ್ರಮೆಯಿಲ್ಲ, ಇಲ್ಲದ ಧ್ವನಿ ಕೇಳುವುದಿಲ್ಲ, ಬುದ್ಧಿ ನೆಟ್ಟಗಿದೆ, ಹಾಗಾದರೆ ಇವನು ಹುಚ್ಚನೆ, ದುಷ್ಟನೆ? ಬುದ್ಧಿ ಕೆಡದೆ ಹುಚ್ಚಿಲ್ಲ ಎಂದು ಅಲ್ಲಿಯವರೆಗೆ ಪಂಡಿತರು ನಂಬಿದ್ದರು. ಪಿನೆಲ್ ಇದಕ್ಕೆ ‘ಭ್ರಮೆಯಿಲ್ಲದ ಉನ್ಮಾದ’ ಎಂಬ ಹೆಸರು ಕೊಟ್ಟ. ಹೆಸರಿನಲ್ಲಿಯೇ ವಿರೋಧಾಭಾಸವಿದೆ. ಅದು ಉತ್ತರವಲ್ಲ, ಪ್ರಾಮಾಣಿಕವಾದ ಒಂದು ತಬ್ಬಿಬ್ಬು.

1835ರಲ್ಲಿ ಬ್ರಿಸ್ಟಲ್ ನಗರದ ವೈದ್ಯ ಜೇಮ್ಸ್ ಕೌಲ್ಸ್ ಪ್ರಿಚರ್ಡ್ ಇದನ್ನು ‘ಮಾರಲ್ ಇನ್ಸ್ಯಾನಿಟಿ’ ಎಂದು ಕರೆದ. ಆ ಕಾಲದ ಇಂಗ್ಲಿಷಿನಲ್ಲಿ ‘ಮಾರಲ್’ ಎಂಬುದಕ್ಕೆ ಭಾವನೆಗೆ, ಅಭಿರುಚಿಗೆ, ನಡವಳಿಕೆಗೆ ಸಂಬಂಧಿಸಿದ್ದು ಎಂಬ ಅರ್ಥವೂ ಇತ್ತು. ಬುದ್ಧಿ ಕೆಡದೆ ಭಾವ ಕೆಟ್ಟವರು ಎಂದು ಪ್ರಿಚರ್ಡ್‌ನ ಇಂಗಿತ. ಆದರೆ ಓದಿದವರ ಕಿವಿಗೆ ಬಿದ್ದದ್ದು ‘ನೀತಿಗೆಟ್ಟವರ ಹುಚ್ಚು’. ನಮ್ಮ ‘ದೋಷ’ಕ್ಕೆ ಆದ ಗತಿಯೇ ಅವನ ಪದಕ್ಕೂ ಆಯಿತು.

ಮುಂದಿನ ಕಥೆ ಜರ್ಮನಿಯದು. 1891ರಲ್ಲಿ ಕೋಖ್ ಎಂಬ ವೈದ್ಯ ‘ಸೈಕೋಪತಿಕ್ ಹೀನತೆ’ ಎಂಬ ಮಾತನ್ನು ಶಾಸ್ತ್ರಕ್ಕೆ ತಂದ. ‘ಹೀನತೆ’ ಎಂಬ ಬಾಲವನ್ನು ಕತ್ತರಿಸಿ ‘ವ್ಯಕ್ತಿತ್ವ’ವೆಂಬ ಪದವನ್ನು ಅಲ್ಲಿ ಕೂರಿಸಿದವನು ಎಮಿಲ್ ಕ್ರೇಪೆಲಿನ್. 1923ರಲ್ಲಿ ಕುರ್ಟ್ ಶ್ನೈಡರ್ ಇಂಥ ವ್ಯಕ್ತಿತ್ವಗಳ ಹತ್ತು ಬಗೆಗಳನ್ನು ವಿವರಿಸಿದ. ತಮ್ಮ ಅಸಹಜತೆಯಿಂದ ತಾವೇ ನರಳುವವರು, ಅಥವಾ ಅದರಿಂದ ಸಮಾಜವನ್ನು ನರಳಿಸುವವರು ಎಂಬುದು ಅವನ ಲಕ್ಷಣವಾಕ್ಯದ ಸಾರ. ‘ತಾವೇ ನರಳುವವರು’ ಎಂಬುದನ್ನು ಅವನು ಮೊದಲಿಗೆ ಹೇಳಿದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಆದರೆ ಇದು ರೋಗವಲ್ಲ, ಸರಾಸರಿಯಿಂದ ದೂರ ಸರಿದ ಮಾನವಸ್ವಭಾವ ಎಂದೂ ಅವನು ಹೇಳಿದ. ಶಾಸ್ತ್ರದ ದೃಷ್ಟಿಯಿಂದ ಅದು ಸೂಕ್ಷ್ಮವಾದ ವಿವೇಚನೆಯೇ. ಆದರೆ ರೋಗವಲ್ಲದ ಮೇಲೆ ಚಿಕಿತ್ಸೆಯಾದರೂ ಏಕೆ? ಗಾದೆ ಹೀಗೆ ವೈದ್ಯಶಾಸ್ತ್ರದ ಹಿಂಬಾಗಿಲಿನಿಂದ ಒಳಗೆ ಬಂದು ಕುಳಿತಿತು.

ಅಮೆರಿಕದಲ್ಲಿ ಹಾದಿ ಬೇರೆಯಾಯಿತು. ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ 1938ರಲ್ಲಿ ಒಂದು ಗುಂಪಿನ ರೋಗಿಗಳನ್ನು ಕುರಿತು ಬರೆದ. ಇವರು ಚಿತ್ತಚಾಂಚಲ್ಯದವರ ಸಾಲಿಗೂ ಸೇರರು, ಚಿತ್ತವಿಕಲತೆಯವರ ಸಾಲಿಗೂ ಸೇರರು. ಎರಡರ ಗಡಿಯ ಮೇಲೆ ನಿಂತವರು. ಆದ್ದರಿಂದ ‘ಬಾರ್ಡರ್‌ಲೈನ್’. ಸಣ್ಣದೊಂದು ನೋವು ತಗುಲಿದರೂ ಕುಸಿದುಬೀಳುವ ಇವರ ಸ್ವಭಾವವನ್ನು ಸ್ಟರ್ನ್ ಮನಸ್ಸಿನ ರಕ್ತಸ್ರಾವ ಎಂದು ಕರೆದ. ಇದಕ್ಕಿಂತ ಮರುಕದ ಹೆಸರು ಈ ಇಡೀ ಚರಿತ್ರೆಯಲ್ಲಿ ನನಗೆ ಸಿಕ್ಕಿಲ್ಲ. ಉಳಿದುಕೊಂಡದ್ದು ಮಾತ್ರ ಗಡಿಯ ಹೆಸರು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಎಂಟು ಲಕ್ಷಣಗಳನ್ನು ಪಟ್ಟಿಮಾಡಿ, ಐದಿದ್ದರೆ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವೆಂದು ಗೊತ್ತುಮಾಡಿತು. ವೈದ್ಯರ ಕಣ್ಣು ತಪ್ಪಿಹೋಗದಿರಲೆಂದು ವ್ಯಕ್ತಿತ್ವ ದೋಷಗಳಿಗೆಲ್ಲ ಬೇರೆ ಅಂಕಣವನ್ನೇ ಮಾಡಿತು. ಆದರೆ ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿದವರಿಗೆ ಊಟ ಬಡಿಸುವುದು ಕೊನೆಗೆ ಎಂಬುದು ಲೋಕರೂಢಿ.

ಅದು ಬರಿಯ ಊಹೆಯಲ್ಲ. 1988ರಲ್ಲಿ ಬ್ರಿಟನ್ನಿನ ಲೂಯಿಸ್ ಮತ್ತು ಆಪಲ್‌ಬಿ ಎಂಬ ಇಬ್ಬರು ಸಂಶೋಧಕರು ಮನೋವೈದ್ಯರಿಗೆ ರೋಗಿಯ ವೃತ್ತಾಂತವೊಂದನ್ನು ಬರೆದು ಕಳುಹಿಸಿದರು. ಕೆಲವರಿಗೆ ಹೋದ ಪ್ರತಿಯಲ್ಲಿ, ಈ ರೋಗಿಗೆ ಹಿಂದೊಮ್ಮೆ ವ್ಯಕ್ತಿತ್ವ ದೋಷವೆಂದು ಹೇಳಲಾಗಿತ್ತು ಎಂಬ ವಾಕ್ಯ ಸೇರಿತ್ತು. ಆ ವಾಕ್ಯವನ್ನು ಓದಿದ ವೈದ್ಯರಿಗೆ ಅದೇ ಮನುಷ್ಯ ತಂಟೆಕೋರನಾಗಿ, ಗಮನ ಸೆಳೆಯಲು ಹೂಡಿದವನಾಗಿ, ಆರೈಕೆಗೆ ಅಷ್ಟೇನೂ ಅರ್ಹನಲ್ಲದವನಾಗಿ ಕಂಡ. ಹೆಸರು ರೋಗವನ್ನು ತೋರಿಸುವ ದೀಪವಾಗುವ ಬದಲು ಮುಖಕ್ಕೆ ಬಳಿದ ಮಸಿಯಾಗಿತ್ತು. ಇಂಗ್ಲೆಂಡಿನ ಆರೋಗ್ಯ ವ್ಯವಸ್ಥೆ, ಈ ಹೆಸರನ್ನು ಇನ್ನು ಮುಂದೆ ಚಿಕಿತ್ಸೆಯಿಂದ ಹೊರಗಿಡುವ ನೆಪವಾಗಿಸಕೂಡದೆಂದು ಅಧಿಕೃತವಾಗಿ ಹೇಳಿದ್ದು 2003ರಲ್ಲಿ.

ಇದೇ ಅವಧಿಯ ಒಂದು ಸಂಶೋಧನೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಒಂದು ಸಮಾಜ ದೋಷವೆನ್ನುವುದನ್ನು ಇನ್ನೊಂದು ಸಮಾಜ ಗುಣವೆನ್ನಬಹುದು. ಹೀಗಿರುವಾಗ ದೇಶದೇಶಗಳ ವೈದ್ಯರು ಒಂದೇ ಮನುಷ್ಯನನ್ನು ಒಂದೇ ರೀತಿ ಅಳೆಯಬಲ್ಲರೆ? ಇದನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ, 11 ದೇಶಗಳಲ್ಲಿ 716 ರೋಗಿಗಳನ್ನು 58 ಮನೋವೈದ್ಯರಿಂದ ಸಂದರ್ಶಿಸಿತು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬರೆದವರಲ್ಲಿ ನಿಮ್ಹಾನ್ಸ್‌ನ ಡಾ. ಎಸ್. ಎಂ. ಚನ್ನಬಸವಣ್ಣನವರೂ ಒಬ್ಬರು. ಪ್ರಶ್ನೆಗಳು ಅನುವಾದಗೊಂಡ ಭಾಷೆಗಳ ಸಾಲಿನಲ್ಲಿ ಜಪಾನಿ, ಸ್ವಾಹಿಲಿಗಳ ಜೊತೆ ಕನ್ನಡವೂ ಇದೆ. ಒಂದು ನಡವಳಿಕೆಯನ್ನು ದೋಷವೆಂದು ಎಣಿಸಬೇಕಾದರೆ ಅದು ಐದು ವರ್ಷವಾದರೂ ನೆಲೆನಿಂತಿರಬೇಕೆಂಬ ನಿಯಮ ಅದರಲ್ಲಿತ್ತು. ಒಂದು ಕೆಟ್ಟ ವರ್ಷವನ್ನು ನೋಡಿ ಮನುಷ್ಯನಿಗೆ ಬೆಲೆ ಕಟ್ಟಬಾರದಷ್ಟೆ! ಬಾರ್ಡರ್‌ಲೈನ್ ಲಕ್ಷಣಗಳಲ್ಲಿ ಒಂದು, ಒಳಗೆಲ್ಲ ಸದಾ ಬರಿದಾದಂತೆ ಅನಿಸುವುದು. ಅದನ್ನು ಕನ್ನಡದಲ್ಲಿ ಕೇಳಬೇಕಾದರೆ ನನಗೆ ಹೊಳೆಯುವುದು ‘ಮನಸ್ಸು ಬಿಕೋ ಎನ್ನುತ್ತದೆಯೆ?’ ಎಂಬ ಮಾತು. ಪಾಳುಬಿದ್ದ ಮನೆಗೂ ಮನಸ್ಸಿಗೂ ಒಂದೇ ಪದವನ್ನಿಟ್ಟ ಭಾಷೆ ಈ ನೋವನ್ನು ಅರಿಯದ ಭಾಷೆಯಲ್ಲ.

ಇನ್ನು ಚಿಕಿತ್ಸೆಯ ಮಾತು. 1961ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಯೊಂದಕ್ಕೆ 17 ವರ್ಷದ ಹುಡುಗಿಯೊಬ್ಬಳನ್ನು ಸೇರಿಸಿದರು. ಅವಳು ಸಿಗರೇಟಿನಿಂದ ಮೈ ಸುಟ್ಟುಕೊಳ್ಳುತ್ತಿದ್ದಳು, ಸಿಕ್ಕಿದ ಚೂಪಾದ ವಸ್ತುವಿನಿಂದ ಕೈ ಕೊಯ್ದುಕೊಳ್ಳುತ್ತಿದ್ದಳು. ಏನೂ ಸಿಗದಂತೆ ಒಂಟಿ ಕೋಣೆಯಲ್ಲಿ ಕೂಡಿಹಾಕಿದಾಗ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳು. ಸ್ಕಿಜೋಫ್ರೀನಿಯಾ ಎಂದರು, ಔಷಧ ಕೊಟ್ಟರು, ವಿದ್ಯುತ್ ಚಿಕಿತ್ಸೆ ಕೊಟ್ಟರು. ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿದ್ದು ಅವಳು ಹೊರಬಂದಾಗ ಗುಣವಾಗಿದ್ದಳೆಂದು ಹೇಳುವಂತಿರಲಿಲ್ಲ. ತಾನು ಈ ನರಕದಿಂದ ಪಾರಾದರೆ ಹಿಂದಿರುಗಿ ಬಂದು ಇತರರನ್ನೂ ಎತ್ತುತ್ತೇನೆಂದು ಅವಳು ಹರಕೆ ಹೊತ್ತಿದ್ದಳಂತೆ.

ಆ ಹುಡುಗಿ ಮುಂದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾದ ಮಾರ್ಷಾ ಲಿನೆಹನ್. ಎಲ್ಲರೂ ಕೈಬಿಟ್ಟ, ಮತ್ತೆ ಮತ್ತೆ ಆತ್ಮಹತ್ಯೆಗೆ ಹೊರಡುವ ರೋಗಿಗಳನ್ನೇ ಆಕೆ ಆರಿಸಿಕೊಂಡರು. ‘ನಿನ್ನ ನಡತೆಯನ್ನು ಬದಲಿಸಿಕೋ’ ಎಂದರೆ ಅವರಿಗೆ ಅದು ಬೈಗುಳವಾಗಿ ಕೇಳುತ್ತಿತ್ತು. ‘ನಿನ್ನ ಸಂಕಟ ಅರ್ಥವಾಗುತ್ತದೆ’ ಎಂದಷ್ಟೇ ಹೇಳಿ ಸುಮ್ಮನಾದರೆ, ಹಾಗಾದರೆ ನನ್ನನ್ನು ಹೀಗೆಯೇ ಬಿಡುತ್ತೀರಾ ಎಂಬ ಹತಾಶೆ. ಒಂದು ಕೈಯಲ್ಲಿ ಒಪ್ಪಿಕೊಳ್ಳುವುದು, ಇನ್ನೊಂದು ಕೈಯಲ್ಲಿ ಬದಲಿಸುವುದು, ಎರಡನ್ನೂ ಏಕಕಾಲಕ್ಕೆ ನಡೆಸುವುದೇ ಅವರು ಕಂಡುಕೊಂಡ ಉಪಾಯ. ಒಪ್ಪಿಕೊಳ್ಳುವ ಪಾಠವನ್ನು ಅವರು ಜೆನ್ ಬೌದ್ಧರ ಧ್ಯಾನದಿಂದ ಕಲಿತರು. 1991ರಲ್ಲಿ ಪ್ರಕಟವಾದ ಪರೀಕ್ಷೆ ಚಿಕ್ಕದು, ಒಂದು ವರ್ಷದ್ದು. ಆದರೂ ಈ ಚಿಕಿತ್ಸೆ ಪಡೆದ ಹೆಂಗಸರು ತಮ್ಮನ್ನು ಗಾಯಮಾಡಿಕೊಂಡದ್ದು ಕಡಿಮೆ, ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಡಿಮೆ, ಚಿಕಿತ್ಸೆಯನ್ನು ನಡುವೆ ಬಿಟ್ಟುಹೋದವರೂ ಕಡಿಮೆ. ತನ್ನ ಪೂರ್ವಕಥೆಯನ್ನು ಮಾತ್ರ ಲಿನೆಹನ್ ಲೋಕಕ್ಕೆ ಹೇಳಿರಲಿಲ್ಲ. ಅವರ ತೋಳಿನ ಕಲೆಗಳನ್ನು ಕಂಡ ರೋಗಿಯೊಬ್ಬಳು, ನೀವೂ ನಮ್ಮವರೇ ಏನು ಎಂದು ಕೇಳಿದ್ದಳಂತೆ. 2011ರಲ್ಲಿ, ಅದೇ ಹಾರ್ಟ್‌ಫರ್ಡ್ ಆಸ್ಪತ್ರೆಯ ಸಭೆಯಲ್ಲಿ ನಿಂತು ಅವರು ಎಲ್ಲವನ್ನೂ ಹೇಳಿದರು.

ಒಬ್ಬರು ಪಾರಾದದ್ದು ಪುರಾವೆಯಲ್ಲ ಎಂದು ಹೇಳುವವರಿಗೆ ಉತ್ತರ ಮೇರಿ ಜನಾರಿನಿಯವರಲ್ಲಿದೆ. ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ 1992ರಲ್ಲಿ ಆರಂಭಿಸಿ, 290 ಬಾರ್ಡರ್‌ಲೈನ್ ರೋಗಿಗಳನ್ನು ಎರಡೆರಡು ವರ್ಷಕ್ಕೊಮ್ಮೆ ಅವರ ತಂಡ ಹುಡುಕಿ ಮಾತನಾಡಿಸುತ್ತ ಹೋಯಿತು. ಹತ್ತು ವರ್ಷದ ಲೆಕ್ಕ 2010ರಲ್ಲಿ ಹೊರಬಂತು. ಶೇಕಡಾ 93 ಮಂದಿಯಲ್ಲಿ, ಎರಡು ವರ್ಷವಾದರೂ, ರೋಗವೆಂದು ಹೆಸರಿಸಲು ಬೇಕಾದಷ್ಟು ಲಕ್ಷಣಗಳೇ ಉಳಿದಿರಲಿಲ್ಲ. ಹಾಗಾದರೆ ಇಷ್ಟು ಕಾಲ ವೈದ್ಯರಿಗೆ ಇದು ವಾಸಿಯಾಗದ ಜಾಡ್ಯವಾಗಿ ಕಂಡದ್ದೇಕೆ? ಗುಣವಾದವರು ವೈದ್ಯರ ಬಳಿಗೆ ಹಿಂದಿರುಗುವುದಿಲ್ಲ. ಗುಣವಾಗದವರೇ ಮತ್ತೆ ಮತ್ತೆ ಬಾಗಿಲು ತಟ್ಟುತ್ತಾರೆ. ಆಸ್ಪತ್ರೆಯ ಕಿಟಕಿಯಿಂದ ಕಾಣುವ ಲೋಕವೇ ಹಾಗೆ.

ಆದರೂ ಈ ಅಂಕಿಯನ್ನು ಹಿಡಿದು ಹಿಗ್ಗುವಂತಿಲ್ಲ. ನಡುವೆ ಕೆಲವರು ಪ್ರಾಣ ಕಳೆದುಕೊಂಡರು. ಮೈಗೆ ಗಾಯಮಾಡಿಕೊಳ್ಳುವುದು, ಸಾಯಲು ಹೊರಡುವುದು ಮೊದಲು ತಣ್ಣಗಾಗುತ್ತವೆ. ಸಿಟ್ಟು, ಬರಿದುತನ, ತನ್ನನ್ನು ಬಿಟ್ಟುಹೋದಾರೆಂಬ ಭಯ ಇವು ಬೇಗ ಹೋಗುವುದಿಲ್ಲ. ಲಕ್ಷಣ ಅಡಗಿದ್ದಲ್ಲದೆ ಒಂದು ಉದ್ಯೋಗವನ್ನೂ ಒಬ್ಬರ ಸ್ನೇಹವನ್ನೂ ಉಳಿಸಿಕೊಂಡು ಬಾಳುವ ಮಟ್ಟಕ್ಕೆ ಹತ್ತು ವರ್ಷದಲ್ಲಿ ಬಂದವರು ಅರ್ಧದಷ್ಟು ಮಂದಿ ಮಾತ್ರ.

2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಶ್ನೈಡರ್‌ನ ಕಾಲದಿಂದ ಬಂದ ಬಗೆಬಗೆಯ ಹೆಸರುಗಳಿಲ್ಲ. ಸೌಮ್ಯ, ಮಧ್ಯಮ, ತೀವ್ರ ಎಂಬ ಮೂರು ಮಟ್ಟಗಳಿವೆ, ಜೊತೆಗೆ ಸ್ವಭಾವದ ಕೆಲವು ವಿವರಣೆಗಳಿವೆ. ಕಾಲಮಿತಿಯೂ ಇಳಿದಿದೆ, ಎರಡು ವರ್ಷವೋ ಅದಕ್ಕೂ ಹೆಚ್ಚೋ ಎಂದು ಉದಾಹರಣೆ ಕೊಟ್ಟಿದ್ದಾರೆ. ಹಳೆಯ ಹೆಸರುಗಳಲ್ಲಿ ಒಂದನ್ನು ಮಾತ್ರ ಕೆಲವು ವೈದ್ಯರೂ ಸಂಶೋಧಕರೂ ಪಟ್ಟುಹಿಡಿದು ಉಳಿಸಿಕೊಂಡರು. ಅದು ಸ್ಟರ್ನ್ 1938ರಲ್ಲಿ ಬಳಸಿದ ‘ಬಾರ್ಡರ್‌ಲೈನ್’.