ಡಿಮೀಟರ್: ಸುಮ್ಮನೆ ಕೂತು ಗೆದ್ದ ತಾಯಿ

ಈ ಸಂಚಿಕೆಯಲ್ಲಿ ಗ್ರೀಕರ ಧಾನ್ಯದೇವತೆ ಡಿಮೀಟರ್ ಬಗ್ಗೆ ಮಾತಾಡೋಣ. ಅವಳ ಹೆಸರಿನ ‘ಮೀಟರ್’ ಅಂದ್ರೆ ತಾಯಿ, ನಮ್ಮ ‘ಮಾತೃ’ ಪದದ ದೂರದ ನೆಂಟ.

ಕಥೆ ಹೀಗಿದೆ. ದೇವತೆಗಳ ರಾಜ ಜ್ಯೂಸ್, ತಾಯಿಯನ್ನು ಒಂದು ಮಾತೂ ಕೇಳದೆ ಮಗಳು ಪರ್ಸೆಫೊನಿಯನ್ನು ಪಾತಾಳದ ಹೇಡಿಸ್‌ಗೆ ಕೊಟ್ಟುಬಿಡ್ತಾನೆ. ಹೇಡಿಸ್ ಅವಳನ್ನು ಎಳೆದೊಯ್ತಾನೆ. ಡಿಮೀಟರ್ ಪಂಜು ಹಿಡಿದು ಒಂಬತ್ತು ದಿನ ಹುಡುಕ್ತಾಳೆ. ಆಮೇಲೆ ಅಥೆನ್ಸ್ ಹತ್ತಿರದ ಎಲ್ಯೂಸಿಸ್ ಊರಿನ ಗುಡಿಯಲ್ಲಿ ಸುಮ್ಮನೆ ಕೂತುಬಿಡ್ತಾಳೆ. ಬಿತ್ತಿದ ಒಂದು ಕಾಳೂ ಮೊಳೆಯಲ್ಲ. ಬಿಕಾಂ ಓದಿದ ನನಗೆ ಇದು ಸಪ್ಲೈ ನಿಲ್ಲಿಸಿದ ಹಾಗೆ ಕಾಣುತ್ತೆ. ಜನಕ್ಕೆ ಅನ್ನವಿಲ್ಲ, ಹಾಗಾಗಿ ದೇವತೆಗಳಿಗೆ ಬಲಿಯೂ ಇಲ್ಲ. ಜ್ಯೂಸ್ ಮಣಿಯಲೇಬೇಕಾಯ್ತು. ಆದರೆ ಪಾತಾಳದಲ್ಲಿ ದಾಳಿಂಬೆ ಕಾಳು ತಿಂದಿದ್ದರಿಂದ ಮಗಳು ವರ್ಷದ ಮೂರನೇ ಒಂದು ಭಾಗ ಅಲ್ಲೇ ಇರಬೇಕು.

ಆ ಕೂತ ಭಂಗಿಯೇ ಕಲ್ಲಿನಲ್ಲೂ ಉಳಿದಿದೆ. ಕ್ರಿ.ಪೂ. 350ರ ಸುಮಾರಿನ ಒಂದು ಅಮೃತಶಿಲೆಯ ಮೂರ್ತಿ ಈಗ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿದೆ. ಚಾರ್ಲ್ಸ್ ನ್ಯೂಟನ್ 1858ರಲ್ಲಿ ಇದನ್ನು ಇಂದಿನ ಟರ್ಕಿಯ ನೈಡೊಸ್‌ನಲ್ಲಿ ಅಗೆದು ತೆಗೆಸಿದರು. ತಲೆ ಮೇಲೆ ಸೆರಗು, ದೂರ ನೋಡುವ ಕಣ್ಣು. ಮೈ ಸವೆದಿದೆ, ಮುಂಗೈಗಳಿಲ್ಲ. ತಲೆಯನ್ನು ಬೇರೆಯಾಗಿ ಕೆತ್ತಿ ಕೂರಿಸಿದ್ದು, ಮುಖ ಇನ್ನೂ ನುಣುಪಾಗಿದೆ. ಆಯುಧವಿಲ್ಲ, ಕೋಪವಿಲ್ಲ. ಮಗಳ ದಾರಿ ಕಾಯೋ ಹೆಂಗಸು, ಅಷ್ಟೇ.

ಈಗ ಮತ್ತೆ ಎಲ್ಯೂಸಿಸ್‌ಗೆ ಬರೋಣ, 1801ಕ್ಕೆ. ಅಷ್ಟು ಹೊತ್ತಿಗೆ ಊರವರೆಲ್ಲ ಕ್ರೈಸ್ತರಾಗಿ ಶತಮಾನಗಳೇ ಕಳೆದಿದ್ದವು. ಆದರೂ ಊರಿನಲ್ಲಿ ಕುತ್ತಿಗೆವರೆಗೆ ಗೊಬ್ಬರದಲ್ಲಿ ಹೂತ ಒಂದು ದೊಡ್ಡ ಹೆಣ್ಣುಮೂರ್ತಿ ಇತ್ತು. ನಮ್ಮ ಹೊಲ ಬೆಳೆಯೋದು ಇವಳಿಂದಲೇ ಅಂತ ಜನ ನಂಬಿದ್ದರು. ಕೇಂಬ್ರಿಜ್‌ನ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಆಟೊಮನ್ ಅಧಿಕಾರಿಯಿಂದ ಪರವಾನಗಿ ತಂದ. ಹಿಂದಿನ ಸಂಜೆ ಒಂದು ಎತ್ತು ನೊಗ ಬಿಡಿಸಿಕೊಂಡು ಬಂದು ಮೂರ್ತಿಗೆ ಹಾಯ್ದು, ಕೂಗುತ್ತಾ ಬಯಲಿಗೆ ಓಡಿತಂತೆ. ಜನ ಬೆದರಿದರು. ಕೊನೆಗೆ ಊರ ಪಾದ್ರಿಯೇ ಪೂಜೆಯ ಉಡುಪಿನಲ್ಲಿ ಬಂದು ಮೊದಲ ಗುದ್ದಲಿ ಏಟು ಹಾಕಬೇಕಾಯ್ತು. ಇದನ್ನೆಲ್ಲ ಬರೆದಿಟ್ಟವನು ಸ್ವತಃ ಕ್ಲಾರ್ಕ್.

1802ರಲ್ಲಿ ಮೂರ್ತಿ ಹೊತ್ತ ಹಡಗು ಇಂಗ್ಲೆಂಡ್ ತೀರದ ಬಳಿ ಒಡೆದುಹೋಯ್ತು. ಮೂರ್ತಿಯನ್ನು ಮೇಲೆತ್ತಿದರು. ಈಗ ಅದು ಕೇಂಬ್ರಿಜ್‌ನ ಫಿಟ್ಸ್‌ವಿಲಿಯಮ್ ಮ್ಯೂಸಿಯಮ್‌ನಲ್ಲಿದೆ.

ಇದು ಡಿಮೀಟರ್ ಅಂತಲೇ ಕ್ಲಾರ್ಕ್ ಸಾರಿದ್ದ. ಅಲ್ಲ ಅನ್ನೋದು ಇಂದಿನ ವಿದ್ವಾಂಸರ ಮಾತು. ಇವಳು ಅವಳ ಗುಡಿಯ ಹೆಬ್ಬಾಗಿಲಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ನಿಂತಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು. ಜೋಡಿಯ ಇನ್ನೊಬ್ಬಳು ಎಲ್ಯೂಸಿಸ್‌ನಲ್ಲೇ ಉಳಿದಿದ್ದಾಳೆ.

ಆದರೆ ನನ್ನ ಪ್ರಶ್ನೆ ಅವಳ ಗುರುತಿನದಲ್ಲ, ಒಪ್ಪಿಗೆಯದು. ಪರ್ಸೆಫೊನಿಯನ್ನು ಕೊಟ್ಟವನು ತಾಯಿಯನ್ನು ಕೇಳಲಿಲ್ಲ. ಈ ಮೂರ್ತಿಯನ್ನು ಕೊಟ್ಟ ಅಧಿಕಾರಿ ಊರನ್ನು ಕೇಳಲಿಲ್ಲ. ಕಥೆಯಲ್ಲಾದರೆ ತಾಯಿಯ ಕೈಯಲ್ಲಿ ಬೆಳೆ ಇತ್ತು, ಮಗಳು ವಾಪಸ್ ಬಂದಳು. ಎಲ್ಯೂಸಿಸ್ ರೈತರ ಕೈಯಲ್ಲಿ ಏನಿತ್ತು? ನಿಮಗೇನನ್ಸುತ್ತೆ, ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.